ಪಾಪರ್ ಚೀಟಿಯಿಂದ ಪ್ಲಾಸ್ಟಿಕ್ ಕಾರ್ಡಿನವರೆಗೆ

ನಮ್ಮ ಕಡೆ ಒಂದು ಮಾತು ಉಂಟು, "ಅವ ಪಾಪರ್ ಆದ" ಅಂತ. ವ್ಯಾಪಾರ ಮುಳುಗಿದವನಿಗೆ, ಸಾಲ ತೀರಿಸಲಾಗದೆ ಕೈಯೆತ್ತಿದವನಿಗೆ ಊರು ಅಂಟಿಸುವ ಪಟ್ಟ ಇದು. ಇದು 'ಪಾಪ' ಎಂಬ ಪದದಿಂದಲೇ ಹುಟ್ಟಿದ್ದು ಎಂದು ತಿಳಿದವರು ತುಂಬ ಜನ ಇದ್ದಾರೆ. ಪಾಪಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಇದು ಇಂಗ್ಲಿಷಿನ ಪಾಪರ್, ಅಂದರೆ ಕಡುಬಡವ. ಬ್ರಿಟಿಷರ ಕಾಲದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಕೋರ್ಟ್ ಫೀ ಕಟ್ಟಲೂ ಗತಿಯಿಲ್ಲದ ಕಕ್ಷಿದಾರನನ್ನು ಹಾಗೆ ಕರೆಯುತ್ತಿದ್ದರು. 1976ರ ತಿದ್ದುಪಡಿಯಲ್ಲಿ ಆ ಪದವನ್ನು ಕಾನೂನಿನಿಂದ ತೆಗೆದು ಅದರ ಜಾಗದಲ್ಲಿ 'ನಿರ್ಗತಿಕ' ಎಂಬ ಅರ್ಥದ ಪದ ಹಾಕಿದರು. ಕಾನೂನಿನಿಂದ ಹೋಯಿತು, ನಮ್ಮ ಬಾಯಿಂದ ಹೋಗಲಿಲ್ಲ!

'ದಿವಾಳಿ'ಯ ಕಥೆ ಇನ್ನೂ ಸ್ವಾರಸ್ಯಕರ. ಉತ್ತರದ ವ್ಯಾಪಾರಿಗಳಲ್ಲಿ, ಸಾಲ ತೀರಿಸಲಾಗದವನು ಹಾಡಹಗಲೇ ಅಂಗಡಿಯ ಎದುರು ದೀಪ ಹಚ್ಚಿಡುತ್ತಿದ್ದನಂತೆ. "ನನ್ನದು ಮುಗಿಯಿತು, ಬಂದು ಏನಿದೆಯೋ ಹಂಚಿಕೊಳ್ಳಿ" ಎಂದು ಹೇಳುವ ರೀತಿ ಅದು. ಕಥೆ ನಿಜವೋ ಸುಳ್ಳೋ, ಅದರಲ್ಲಿ ಒಂದು ಅರ್ಥ ಇದೆ. ಮುಳುಗಿದವನು ಕದ್ದು ಓಡಬೇಕಾಗಿಲ್ಲ, ದೀಪ ಹಚ್ಚಿ ಕೂರಬಹುದು ಎಂಬ ಅರ್ಥ.

ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಇತ್ತೀಚೆಗೆ ಉಚ್ಚಿಲದ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಕೆಲಸ ಹೋಗಿ ಏಳು ತಿಂಗಳಾಗಿದೆ, ಎರಡು ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಾ ಇದೆ, ದಿನಕ್ಕೆ ಹತ್ತು ಹದಿನೈದು ಫೋನು. "ಅಣ್ಣಾ, ಪೊಲೀಸರು ಮನೆಗೆ ಬರ್ತಾರಾ? ಅಮ್ಮನಿಗೆ ಗೊತ್ತಾದ್ರೆ ಏನು ಮಾಡೂದು?" ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಎರಡನೆಯದಕ್ಕೆ ಇಲ್ಲ. ಆದರೆ ಎರಡನ್ನೂ ಅರ್ಥ ಮಾಡಿಕೊಳ್ಳಲು ನಮ್ಮ ಜಿಲ್ಲೆಯ ನೂರು ಚಿಲ್ಲರೆ ವರ್ಷಗಳ ಸಾಲದ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಬೇಕು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಬ್ಯಾಂಕುಗಳ ತವರಿನಲ್ಲಿ

ಉಡುಪಿ, ಮಂಗಳೂರು ಬ್ಯಾಂಕುಗಳ ತವರು ಎಂದು ನಾವು ಎದೆ ತಟ್ಟಿಕೊಳ್ಳುವುದು ಸರಿಯೇ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರು ಮಾಡಿದರು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಅದೇ ಇಂದಿನ ಕೆನರಾ ಬ್ಯಾಂಕ್. ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಒಂದೇ ಚಿತ್ರ: ಹೆಚ್ಚಿನ ಬಡ್ಡಿಯ ಸಾಲದಲ್ಲಿ ಸಿಕ್ಕಿಕೊಂಡ ಜನ.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. 1906ರ ಅಕ್ಟೋಬರ್‌ನಲ್ಲಿ ರಾಜಧಾನಿ ಮದ್ರಾಸಿನ ದೊಡ್ಡ ಸಾಹುಕಾರಿ ಸಂಸ್ಥೆ ಆರ್ಬತ್ನಾಟ್ ಕಂಪನಿ ದಿಢೀರನೆ ಬಾಗಿಲು ಹಾಕಿತು. ಸಾವಿರಾರು ಜನರ ಉಳಿತಾಯ ಮುಳುಗಿತು. ಅದರ ಒಡೆಯ ಸರ್ ಜಾರ್ಜ್ ಆರ್ಬತ್ನಾಟ್ ವಿಚಾರಣೆ ಎದುರಿಸಿ 18 ತಿಂಗಳ ಕಠಿಣ ಸಜೆ ಅನುಭವಿಸಬೇಕಾಯಿತು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಅವರಿಗೆ ಜೈಲಾದದ್ದು ಸಾಲ ತೀರಿಸಲಾಗದ್ದಕ್ಕೆ ಅಲ್ಲ, ವಂಚನೆಗೆ. ಆದರೆ ಅದೇ ಕಾಲದಲ್ಲಿ ಐವತ್ತು ನೂರು ರೂಪಾಯಿ ಸಾಲ ಮಾಡಿದ ಬಡವ, ಯಾವ ವಂಚನೆಯೂ ಮಾಡದೆ, ಬರೀ ಕೈಯಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ಜೈಲಿಗೆ ಹೋಗಬಹುದಿತ್ತು!

ಭತ್ಯೆ ಕೊಟ್ಟು ಜೈಲಿಗೆ ಹಾಕುವುದು

ಹೌದು, ಸಾಲದ ಜೈಲು ಇಂಗ್ಲೆಂಡಿನ ಕಾದಂಬರಿಗಳಲ್ಲಿ ಮಾತ್ರ ಇದ್ದದ್ದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದಾಗ, 50 ರೂಪಾಯಿಗಿಂತ ಹೆಚ್ಚಿನ ಹಣದ ಡಿಕ್ರಿ ಇದ್ದರೆ ಸಾಲಗಾರನನ್ನು ಆರು ತಿಂಗಳ ತನಕ, ಅದಕ್ಕಿಂತ ಕಡಿಮೆಯಿದ್ದರೆ ಆರು ವಾರ ಸಿವಿಲ್ ಜೈಲಿನಲ್ಲಿಡಬಹುದಿತ್ತು. ಅವಧಿ ಮುಗಿಸಿ ಹೊರಗೆ ಬಂದರೂ ಸಾಲ ತೀರಿತು ಎಂದಲ್ಲ, ಅದು ಹಾಗೆಯೇ ಇರುತ್ತಿತ್ತು.

ಒಂದು ವಿಚಿತ್ರ ನಿಯಮ ಇತ್ತು, ಈಗಲೂ ಉಂಟು. ಜೈಲಿನಲ್ಲಿ ಸಾಲಗಾರನ ಊಟದ ಖರ್ಚನ್ನು ಸರ್ಕಾರ ಕೊಡುವುದಿಲ್ಲ. ಸಾಲ ಕೊಟ್ಟವನೇ ಮುಂಗಡವಾಗಿ ಕೋರ್ಟಿನಲ್ಲಿ ಭತ್ಯೆ ಕಟ್ಟಬೇಕು. ಕಟ್ಟುವುದು ನಿಂತರೆ ಸಾಲಗಾರ ಹೊರಗೆ. ಅಂದರೆ ನೂರು ರೂಪಾಯಿ ಬಾರದವನು ಇನ್ನೂ ಹತ್ತು ರೂಪಾಯಿ ಖರ್ಚು ಮಾಡಿ ಸಾಲಗಾರನಿಗೆ ಊಟ ಹಾಕಬೇಕು. ದುಡ್ಡು ವಸೂಲಿಗೆ ಇದಕ್ಕಿಂತ ದಡ್ಡ ಉಪಾಯ ಇದೆಯಾ? ಆದರೆ ಜೈಲಿನ ಉದ್ದೇಶ ದುಡ್ಡು ಅಲ್ಲವೇ ಅಲ್ಲ, ನಾಚಿಕೆ. ಊರಿನ ಎದುರು ಅಮೀನ ಬಂದು ಹಿಡಿದುಕೊಂಡು ಹೋಗುತ್ತಾನೆ ಎಂಬ ಹೆದರಿಕೆಗೆ ಹೆಂಡತಿಯ ಬಂಗಾರ, ಅಣ್ಣನ ಎತ್ತು, ಮಾವನ ಗದ್ದೆ ಎಲ್ಲಿಂದಲೋ ಹೊರಗೆ ಬರುತ್ತದೆ ಎಂಬ ಲೆಕ್ಕ.

ಅಂಥ ಕಾಲದ ಕಾನೂನಿನಲ್ಲೂ ಕೆಲವು ಗೆರೆಗಳಿದ್ದವು. 55ನೇ ಕಲಮಿನ ಪ್ರಕಾರ ಸಾಲಗಾರನನ್ನು ಹಿಡಿಯಲು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಯಾರೂ ಮನೆಯೊಳಗೆ ಹೋಗುವಂತಿಲ್ಲ. 56ನೇ ಕಲಮಿನ ಪ್ರಕಾರ ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. 60ನೇ ಕಲಮು ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಕೊಡುತ್ತದೆ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರು, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆ ಬೀಜ. ಜೊತೆಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಕರಿಮಣಿ. ಈ ಪಟ್ಟಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದಕ್ಕೆ ಸರಿಯಾಗಿ ಇನ್ನೊಂದು ಬಾಗಿಲನ್ನೂ ತೆರೆದಿದ್ದರು. 1907ರಲ್ಲಿ ಬಂದು, 1920ರಲ್ಲಿ ಹೊಸ ರೂಪ ಪಡೆದ ಪ್ರಾಂತೀಯ ದಿವಾಳಿ ಕಾಯಿದೆ. ಮದ್ರಾಸ್, ಬೊಂಬಾಯಿ, ಕಲ್ಕತ್ತ ಪಟ್ಟಣಗಳಿಗೆ ಬೇರೆ ಕಾಯಿದೆ, ಉಳಿದ ಊರುಗಳಿಗೆ ಇದು. 500 ರೂಪಾಯಿ ಸಾಲ ಇದ್ದು ತೀರಿಸಲಾಗದವನು, ಇಲ್ಲವೇ ಸಾಲದ ಡಿಕ್ರಿಯಲ್ಲಿ ಬಂಧನಕ್ಕೊಳಗಾದವನು ತಾನೇ ಕೋರ್ಟಿಗೆ ಹೋಗಿ "ನನ್ನಲ್ಲಿ ಇಷ್ಟೇ ಇರುವುದು" ಎಂದು ಅರ್ಜಿ ಕೊಡಬಹುದು. ಕೋರ್ಟು ದಿವಾಳಿ ಎಂದು ಘೋಷಿಸಿದರೆ ಆಸ್ತಿ ಸರ್ಕಾರಿ ರಿಸೀವರ ಕೈಗೆ ಹೋಗುತ್ತದೆ, ಸಾಲಗಾರರೆಲ್ಲ ಪಾಲು ಹಂಚಿಕೊಳ್ಳುತ್ತಾರೆ, ಬಂಧನದಿಂದ ರಕ್ಷಣೆ ಕೇಳಬಹುದು, ಪ್ರಾಮಾಣಿಕನಾಗಿ ನಡೆದುಕೊಂಡಿದ್ದರೆ ಕೊನೆಗೆ ಬಿಡುಗಡೆಯ ಆದೇಶ. ಹಗಲು ದೀಪಕ್ಕೆ ಕೋರ್ಟಿನ ಮುದ್ರೆ ಬಿದ್ದಂತೆ! ಇದಕ್ಕೆ ಬೆಲೆಯೂ ಉಂಟು. ಬಿಡುಗಡೆಯಾಗದ ದಿವಾಳಿಗ ಸ್ಥಳೀಯ ಸಂಸ್ಥೆಗೆ ಆರಿಸಿ ಬರುವಂತಿಲ್ಲ. ಶಾಸಕ, ಸಂಸದ ಆಗಲು ಸಂವಿಧಾನವೂ ಬಿಡುವುದಿಲ್ಲ.

ಎರಡಾಣೆಯ ಏಜೆಂಟ್

ಈಗ ಸ್ವಲ್ಪ ಒಳ್ಳೆಯ ನೆನಪಿಗೆ ಬರೋಣ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟುಹಾಕಿದರು. ಕೈಮಗ್ಗದ ಕಸುಬು ನೆಲಕಚ್ಚಿದ್ದ ಕಾಲ, ನೇಕಾರರಿಗೆ ಆಸರೆಯಾಗುವುದು ಮೊದಲ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ಬ್ಯಾಂಕಿನ ಏಜೆಂಟ್ ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಾದರೂ ಸರಿ, ತೆಗೆದುಕೊಂಡು ಹೋಗಿ ಖಾತೆಗೆ ಹಾಕುತ್ತಿದ್ದ. ನಮ್ಮ ಕರಾವಳಿಯಲ್ಲಿ 'ಪಿಗ್ಮಿಯವರು' ಎಂದರೆ ಮನೆಯ ಜನ ಇದ್ದ ಹಾಗೆ. ಮಗಳ ಮದುವೆ, ಮಗನ ಫೀಸು, ಮಳೆಗಾಲದ ಅಕ್ಕಿ ಎಲ್ಲ ಅವರ ಸಣ್ಣ ಪುಸ್ತಕದಲ್ಲಿ ಇರುತ್ತಿತ್ತು.

ಈ ಬ್ಯಾಂಕುಗಳು ಸಾಲ ಕೊಡುವಾಗಲೂ ಒಂದು ಮುಖ ಇತ್ತು. ಬಂಗಾರದ ಈಡು, ಇಲ್ಲವೇ ಜಾಮೀನಿಗೆ ಪರಿಚಯದವರು. ಮ್ಯಾನೇಜರಿಗೆ ಸಾಲಗಾರನ ಅಪ್ಪ ಗೊತ್ತು, ಸಾಲಗಾರನಿಗೆ ಮ್ಯಾನೇಜರ ಮನೆ ಗೊತ್ತು. ಬಾಕಿ ಉಳಿದರೆ ಮ್ಯಾನೇಜರು ರಥಬೀದಿಯಲ್ಲಿ ಸಿಕ್ಕಿ "ಏನು ಮಾರಾಯ್ರೇ, ಈ ಕಡೆ ಕಾಣುವುದೇ ಇಲ್ಲ" ಎನ್ನುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು. ಅದೂ ನಾಚಿಕೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಎರಡೂ ಕಡೆ ಮುಖ ಇದ್ದ ನಾಚಿಕೆ.

ಅಂದ ಹಾಗೆ ಈ ಹೆಸರುಗಳು ಒಂದೊಂದಾಗಿ ಹೋದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.

ಸಾಲ ಮನ್ನಾ ಯಾರಿಗೆ?

1930ರ ದಶಕದ ಜಾಗತಿಕ ಕುಸಿತದಲ್ಲಿ ಬೆಳೆಗಳ ಬೆಲೆ ಬಿದ್ದುಹೋಯಿತು. ಬೆಲೆ ಬಿದ್ದರೂ ಸಾಲದ ಮೊತ್ತ ಬೀಳುವುದಿಲ್ಲವಲ್ಲ. ಆಗ ಮದ್ರಾಸಿನಲ್ಲಿ ರಾಜಾಜಿ ಸರ್ಕಾರ 1938ರಲ್ಲಿ ಕೃಷಿಕರ ಋಣ ಪರಿಹಾರ ಕಾಯಿದೆ ತಂದಿತು. ನಮ್ಮ ಜಿಲ್ಲೆಗೂ ಅದು ಅನ್ವಯವಾಯಿತು. 1932ರ ಅಕ್ಟೋಬರ್ 1ಕ್ಕಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರ ತನಕ ಏರಿ ನಿಂತ ಬಡ್ಡಿ ಪೂರ್ತಿ ರದ್ದು, ಅಸಲು ಮಾತ್ರ ಕೊಟ್ಟರೆ ಸಾಕು. ಅಸಲಿನ ಎರಡು ಪಟ್ಟು ಆಗಲೇ ಸಂದಾಯವಾಗಿದ್ದರೆ ಸಾಲವೇ ಇಲ್ಲ. ಆಮೇಲಿನ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 5ರ ಲೆಕ್ಕ. ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ ಧರ್ಮಶಾಸ್ತ್ರದ 'ದಾಮ್‌ದುಪ್ಪಟ್' ನಿಯಮದ ನೆರಳು ಇಲ್ಲಿ ಕಾಣುತ್ತದೆ.

ಒಳ್ಳೆಯ ಕಾನೂನು. ಆದರೆ 'ಕೃಷಿಕ' ಅನ್ನಿಸಿಕೊಳ್ಳಲು ಭೂಮಿಯಲ್ಲಿ ಏನಾದರೊಂದು ಹಕ್ಕು ಬೇಕಿತ್ತು. ಉಚ್ಚಿಲದ ಕಡಲ ಕರೆಯಲ್ಲಿ ಬಲೆ ಎಳೆಯುತ್ತಿದ್ದ, ತುಂಡು ಗದ್ದೆಯೂ ಇಲ್ಲದ ಮೀನುಗಾರನಿಗೆ ಅದು ಎಟುಕಲಿಲ್ಲ. ಅವನ ಕಷ್ಟ ಆಮೇಲೆ ಇನ್ನೊಂದು ರೂಪದಲ್ಲಿ ಬಂತು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದವು. ಹತ್ತಾರು ಜನ ಸೇರಿ ದಡಕ್ಕೆ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ರಂಪಣಿಗೆ ಬೇಕಾದದ್ದು ಕೈಗಳು, ಪರ್ಸೀನಿಗೆ ಬೇಕಾದದ್ದು ಸಾಲ. ಮತ್ತಿ, ಬಂಗುಡೆ ಸಿಕ್ಕಿದ ವರ್ಷ ಸರಿ, ಸಿಕ್ಕದ ವರ್ಷ ಕಂತು ಕಾಯುವುದಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲಿ, ದೇವರಾಜ ಅರಸರ ಸರ್ಕಾರ ಇದ್ದಾಗ, ಕರ್ನಾಟಕ ಋಣ ಪರಿಹಾರ ಕಾಯಿದೆ 1976 ಬಂತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯವರಿಂದ ಮಾಡಿದ ಸಾಲ ರದ್ದಾಯಿತು. ಬ್ಯಾಂಕು, ಸಹಕಾರಿ ಸಂಘಗಳ ಸಾಲ ಹೊರಗೆ. 2018ರಲ್ಲಿ ವಿಧಾನಮಂಡಲ ಒಪ್ಪಿ 2019ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಋಣ ಪರಿಹಾರ ಕಾಯಿದೆಯೂ ಇದೇ ಜಾಡಿನದು. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಬಂದ ಸುಗ್ರೀವಾಜ್ಞೆಯ ಕಣ್ಣೂ ಮುಖ್ಯವಾಗಿ ಸಣ್ಣ ಸಾಲ, ನೋಂದಣಿ ಇಲ್ಲದ ಸಾಲಗಳ ಮೇಲೆಯೇ.

ಜೋಡಿಸಿ ನೋಡಿ. 1938, 1976, 2018. ಪ್ರತಿ ಸಲವೂ ಕಾನೂನು "ಕೊಡಲಾಗದವನು ಬೇರೆ, ಕೊಡಲು ಮನಸ್ಸಿಲ್ಲದವನು ಬೇರೆ" ಎಂದು ಒಪ್ಪಿತು. ಆದರೆ ಪ್ರತಿ ಸಲವೂ ಆ ಕರುಣೆ ಭೂಮಿಗೆ, ಇಲ್ಲವೇ ಖಾಸಗಿ ಸಾಹುಕಾರನ ಸಾಲಕ್ಕೆ ಅಂಟಿಕೊಂಡಿತ್ತು. ತಿಂಗಳ ಸಂಬಳದ ಮೇಲೆ ಬದುಕಿ, ಸಂಬಳ ನಿಂತವನಿಗೆ ಅಲ್ಲಿ ಜಾಗ ಇರಲಿಲ್ಲ.

ಕೊಚ್ಚಿಯಿಂದ ಬಂದ ತೀರ್ಪು

ಜೈಲಿನ ಕಥೆ ಏನಾಯಿತು? 1936ರಲ್ಲಿಯೇ ಸಂಹಿತೆಯ 51ನೇ ಕಲಮಿಗೆ ತಿದ್ದುಪಡಿ ಬಂದಿತ್ತು. ಸಾಲಗಾರ ಓಡಿಹೋಗುವ ಯತ್ನದಲ್ಲಿದ್ದರೆ, ಮೋಸದಿಂದ ಆಸ್ತಿ ಬೇರೆಯವರ ಹೆಸರಿಗೆ ಮಾಡಿದ್ದರೆ, ಇಲ್ಲವೇ ಕೈಯಲ್ಲಿ ಇದ್ದೂ ಕೊಡದಿದ್ದರೆ ಮಾತ್ರ ಜೈಲು. ಆದರೆ ಪುಸ್ತಕದ ಮಾತು ಕೋರ್ಟಿನ ರೂಢಿಗೆ ಬರಲು ಕಾಲ ಹಿಡಿಯುತ್ತದೆ. 1980ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಎಂಬ ಮೊಕದ್ದಮೆ ಇತ್ಯರ್ಥವಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಂವಿಧಾನದ 21ನೇ ವಿಧಿಯನ್ನೂ, ಒಪ್ಪಂದದ ಸಾಲಕ್ಕಾಗಿ ಯಾರನ್ನೂ ಸೆರೆಯಲ್ಲಿಡಬಾರದು ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯನ್ನೂ ಮುಂದಿಟ್ಟು, ಬಡತನ ಅಪರಾಧವಲ್ಲ, ಬರೀ ಕೊಡಲಿಲ್ಲ ಎಂಬುದು ಜೈಲಿಗೆ ಕಾರಣವಾಗದು, ಅದರಲ್ಲಿ ಕೆಟ್ಟ ಬುದ್ಧಿ ಇರಬೇಕು ಎಂದು ಹೇಳಿದರು.

ಹಾಗಾದರೆ ಉಚ್ಚಿಲದ ಹುಡುಗನ ಮೊದಲ ಪ್ರಶ್ನೆಗೆ ಉತ್ತರ ಇದೇ. ಕಾರ್ಡಿನ ಬಾಕಿ ಸಿವಿಲ್ ವಿಷಯ. ಸುಳ್ಳು ದಾಖಲೆ ಕೊಟ್ಟು ಕಾರ್ಡ್ ಪಡೆದಿಲ್ಲವಾದರೆ ಅದಕ್ಕಾಗಿ ಪೊಲೀಸರು ಬಂದು ಹಿಡಿಯುವುದಿಲ್ಲ. ಆದರೆ ಒಂದು ಎಚ್ಚರ ಬೇಕು. 1989ರ ಏಪ್ರಿಲ್ 1ರಿಂದ ಚೆಕ್ ಬೌನ್ಸ್ ಆಗುವುದು 138ನೇ ಕಲಮಿನಡಿ ಅಪರಾಧ. ಖಾತೆಯಿಂದ ತಾನಾಗಿ ಕಂತು ಕಡಿಯಲು ಕೊಟ್ಟ ಒಪ್ಪಿಗೆ ವಿಫಲವಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯಲ್ಲಿ ಅಂಥದೇ ಕಲಮು ಉಂಟು. "ಒಂದು ಚೆಕ್ ಕೊಡಿ ಸಾರ್, ತೊಂದರೆ ಇಲ್ಲ" ಎಂದು ವಸೂಲಿಯವನು ಕೇಳುವುದು ಸುಮ್ಮನೆ ಅಲ್ಲ. ಸಿವಿಲ್ ಬಾಕಿಯನ್ನು ಕ್ರಿಮಿನಲ್ ಕೇಸು ಮಾಡುವ ಸೇತುವೆ ಅದು.

ಶೇಕಡಾ ಮೂರರ ಲೆಕ್ಕ

ಕಾರ್ಡ್ ನಮ್ಮ ದೇಶಕ್ಕೆ ಬಂದದ್ದು 1980ರ ದಶಕದಲ್ಲಿ, ಆಗ ಅದು ಶ್ರೀಮಂತರ ವಸ್ತು. 2000ದ ನಂತರ ಮಾಲುಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಕರೆದು ಕರೆದು ಕೊಟ್ಟರು. ನಮ್ಮ ಜಿಲ್ಲೆಯ ಸಾಲದ ಚರಿತ್ರೆಯಲ್ಲಿ ಇದು ಹೊಸ ಪ್ರಾಣಿ. ಬಂಗಾರ ಬೇಡ, ಜಾಮೀನು ಬೇಡ, ಮ್ಯಾನೇಜರ ಮುಖವನ್ನೂ ನೋಡಬೇಕಾಗಿಲ್ಲ.

ತಿಂಗಳಿಗೆ ನೂರಕ್ಕೆ 3 ಬಡ್ಡಿ ಎಂದರೆ ಸಣ್ಣದಾಗಿ ಕೇಳುತ್ತದೆ. ಚಕ್ರಬಡ್ಡಿಯಾಗಿ ಹನ್ನೆರಡು ತಿಂಗಳು ಏರಿದರೆ 50,000 ರೂಪಾಯಿ ಬಾಕಿ ಸುಮಾರು 71,300 ಆಗುತ್ತದೆ. ವರ್ಷಕ್ಕೆ ನೂರಕ್ಕೆ 42ಕ್ಕೂ ಮೇಲೆ! ತಡ ಶುಲ್ಕ, ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೇರೆ. "ಕನಿಷ್ಠ ಮೊತ್ತ ಕಟ್ಟಿದರೆ ಸಾಕು" ಎಂಬುದರ ಲೆಕ್ಕ ನೋಡಿ. 50,000ಕ್ಕೆ ಶೇಕಡಾ 5ರಂತೆ 2,500 ಕಟ್ಟುತ್ತೀರಿ. ಅದರಲ್ಲಿ 1,500 ಬಡ್ಡಿಗೆ, 270 ತೆರಿಗೆಗೆ. ಅಸಲಿಗೆ ಇಳಿದದ್ದು 730 ರೂಪಾಯಿ. ಕೆಲಸ ಇಲ್ಲದವನು ಮನೆಯ ಅಕ್ಕಿಯ ದುಡ್ಡು ತೆಗೆದು ತಿಂಗಳು ತಿಂಗಳು 2,500 ಕಟ್ಟಿದರೂ ಸಾಲ ಅಲ್ಲೇ ನಿಂತಿರುತ್ತದೆ.

2008ರ ಜುಲೈಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕಾರ್ಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರ್ 20ರಂದು ಆ ತೀರ್ಪನ್ನೇ ರದ್ದು ಮಾಡಿತು. ಬಡ್ಡಿ ದರ ರಿಸರ್ವ್ ಬ್ಯಾಂಕಿನ ವಿಷಯ, ಆಯೋಗದ್ದಲ್ಲ ಎಂಬುದು ಅದರ ತಿರುಳು. 1938ರಲ್ಲಿ ಸಾಹುಕಾರನ ಬಡ್ಡಿಯನ್ನು ನೂರಕ್ಕೆ 5ಕ್ಕೆ ಇಳಿಸಿದ ನೆಲದಲ್ಲಿ ಇವತ್ತು ನೂರಕ್ಕೆ 42ಕ್ಕೆ ಕಾನೂನಿನ ಅಡ್ಡಿ ಇಲ್ಲ. ತಮಾಷೆ ಅಲ್ಲವಾ?

ಈಗ ಪಿಗ್ಮಿಯವರನ್ನು ನೆನಪಿಸಿಕೊಳ್ಳಿ. 1928ರಲ್ಲಿ ಬ್ಯಾಂಕಿನ ಏಜೆಂಟ್ ಮನೆಗೆ ಬರುತ್ತಿದ್ದ, ಉಳಿತಾಯ ತೆಗೆದುಕೊಳ್ಳಲು. 2000ದ ನಂತರವೂ ಏಜೆಂಟ್ ಮನೆಗೆ ಬರುತ್ತಾನೆ, ಬಾಕಿ ಕೇಳಲು. ಜೈಲಿನ ದಾರಿ ಮುಚ್ಚಿದೆ, ಈಡಿಟ್ಟ ಬಂಗಾರ ಇಲ್ಲ, ಜಾಮೀನುದಾರ ಇಲ್ಲ. ಹಾಗಾದರೆ ಕೈಯಲ್ಲಿ ಉಳಿದ ಆಯುಧ ಯಾವುದು? ನಾಚಿಕೆ ಒಂದೇ. ಅಮ್ಮನಿಗೆ ಫೋನು, ಪಕ್ಕದ ಮನೆಗೆ ಫೋನು, ಹಳೆಯ ಆಫೀಸಿಗೆ ಫೋನು. ಭತ್ಯೆ ಕಟ್ಟಿ ಜೈಲಿಗೆ ಹಾಕುತ್ತಿದ್ದವರ ಲೆಕ್ಕವೇ ಇದು, ಭತ್ಯೆಯ ಖರ್ಚು ಕೂಡಾ ಇಲ್ಲದೆ!

2007ರಲ್ಲಿ ಪ್ರಕಾಶ್ ಕೌರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತೋಳ್ಬಲದ ವಸೂಲಿ ಕೂಡದು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದಿತು. 2008ರಲ್ಲಿ ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರ ಬಗ್ಗೆ ನಿಯಮ ತಂದಿತು. 2022ರ ಆಗಸ್ಟ್‌ನ ಸುತ್ತೋಲೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ಊರೆದುರು ಅವಮಾನ ಮಾಡಬಾರದು, ಮನೆಯವರ, ಗೆಳೆಯರ ಖಾಸಗಿತನಕ್ಕೆ ಕೈ ಹಾಕಬಾರದು ಎಂದು ಹೇಳುತ್ತದೆ. 1908ರ "ಸೂರ್ಯ ಮುಳುಗಿದ ಮೇಲೆ ಮನೆಯೊಳಗೆ ಹೋಗಬಾರದು" ಎಂಬ ಮಾತು ಫೋನಿನ ಕಾಲಕ್ಕೆ ಹೊಸ ಅಂಗಿ ಹಾಕಿ ಬಂದಿದೆ, ಅಷ್ಟೇ.

ಗಲ್ಫಿನ ಬಾಕಿ

ಕರಾವಳಿಯ ಸಾಲದ ಕಥೆ ಗಲ್ಫ್ ಬಿಟ್ಟು ಮುಗಿಯುವುದಿಲ್ಲ, ಏಕೆಂದರೆ ಇಲ್ಲಿನ ಸಾಲ ತೀರಿಸಲು ಅಲ್ಲಿಗೆ ಹೋದವರೇ ನಮ್ಮಲ್ಲಿ ಹೆಚ್ಚು. ಕಾಪುವಿನ ಬಿ.ಆರ್. ಶೆಟ್ಟಿಯವರೇ ಹೇಳಿಕೊಂಡ ಹಾಗೆ, ತಂಗಿಯ ಮದುವೆಗೆ ಬ್ಯಾಂಕಿನಲ್ಲಿ ಮಾಡಿದ ಸಾಲ ತೀರಿಸಲು ಅವರು 1973ರಲ್ಲಿ ಅಬುಧಾಬಿಗೆ ಹೋದದ್ದು. ಅಲ್ಲಿ ಔಷಧಿ ಮಾರುವ ಕೆಲಸದಿಂದ ಶುರು ಮಾಡಿ ಎನ್‌ಎಂಸಿ ಆಸ್ಪತ್ರೆಗಳನ್ನು ಕಟ್ಟಿದರು. 2012ರಲ್ಲಿ ಅದು ಲಂಡನ್ ಷೇರುಪೇಟೆಗೆ ಹೋಯಿತು. 2020ರಲ್ಲಿ, ಲೆಕ್ಕದಲ್ಲಿ ತೋರಿಸದ ನೂರಾರು ಕೋಟಿ ಡಾಲರ್ ಸಾಲ ಹೊರಬಿದ್ದು ಕಂಪನಿ ಆಡಳಿತಾಧಿಕಾರಿಗಳ ಕೈಸೇರಿತು. ತಾನೇ ವಂಚನೆಗೆ ಒಳಗಾದವನು ಎಂಬುದು ಶೆಟ್ಟಿಯವರ ವಾದ. ಹಲವು ದೇಶಗಳ ಕೋರ್ಟುಗಳಿಗೆ ವ್ಯಾಜ್ಯ ಹೋಯಿತು. ಆ ವಿಷಯ ಇಲ್ಲಿ ಬೇಡ. ನನಗೆ ಬೇಕಾದದ್ದು ಬೇರೆ ಒಂದು ಸಂಗತಿ.

ನಮ್ಮ ಸಂಸತ್ತು 2016ರಲ್ಲಿ ಹೊಸ ದಿವಾಳಿ ಸಂಹಿತೆ ಮಾಡಿತು. ಅದರ ಮೂರನೆಯ ಭಾಗ ವ್ಯಕ್ತಿಗಳ ದಿವಾಳಿಗೆ. 2019ರ ಡಿಸೆಂಬರ್ 1ರಿಂದ ಅದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಯಿತು. ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕಿದ ಉದ್ಯಮಿಗೆ ಹೊಸ ಬಾಗಿಲು ಉಂಟು. ಎರಡು ಲಕ್ಷ ಕಾರ್ಡ್ ಬಾಕಿಯ ಹುಡುಗನಿಗೆ ಇದನ್ನು ಬರೆಯುವ ಹೊತ್ತಿಗೂ ಅದು ತೆರೆದಿಲ್ಲ. ಅವನಿಗೆ ಇರುವುದು 1920ರ ಅದೇ ಪ್ರಾಂತೀಯ ಕಾಯಿದೆ, ಅದೇ 500 ರೂಪಾಯಿಯ ಗೆರೆ. ಹೊಸ ಸಂಹಿತೆಯಲ್ಲಿ ಬಡವರಿಗೆಂದು 'ಹೊಸ ಆರಂಭ' ಎಂಬ ಅಧ್ಯಾಯ ಬರೆದಿಟ್ಟಿದ್ದಾರೆ. ಅದಕ್ಕೆ ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಜಾರಿಯಾದರೂ ಯಾರಿಗೆ ಸಿಕ್ಕೀತು, ನೀವೇ ಹೇಳಿ.

ಇನ್ನು ದುಬೈ, ಅಬುಧಾಬಿಗಳಲ್ಲಿ ಕಾರ್ಡಿಗೆ, ಸಾಲಕ್ಕೆ ಮುಂಚಿತವಾಗಿ ಚೆಕ್ ಬರೆಸಿಕೊಳ್ಳುತ್ತಿದ್ದರು. ಕೆಲಸ ಹೋಗಿ ಅದು ಬೌನ್ಸ್ ಆದರೆ ಪೊಲೀಸ್ ಕೇಸು, ಜೈಲು. 2008-09ರ ಕುಸಿತದಲ್ಲಿ ವಿಮಾನ ನಿಲ್ದಾಣದಲ್ಲೇ ಕಾರು ಬಿಟ್ಟು ಊರಿಗೆ ಬಂದವರ ಸುದ್ದಿ ಎಲ್ಲರೂ ಓದಿದ್ದೇವೆ. ಈಗ ಎರಡು ಬದಲಾವಣೆ ಆಗಿದೆ. ಒಂದು, 2022ರ ಜನವರಿಯಿಂದ ಯುಎಇಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆಗುವುದು ಬಹುಪಾಲು ಅಪರಾಧದ ಪಟ್ಟಿಯಿಂದ ಹೊರಗೆ. ವ್ಯಕ್ತಿಗಳ ದಿವಾಳಿಗೆ ಅವರು 2019ರಲ್ಲೇ ಪ್ರತ್ಯೇಕ ಕಾನೂನು ಮಾಡಿದ್ದಾರೆ. ಎರಡನೆಯದು ಊರಲ್ಲಿದ್ದವರು ತಿಳಿಯಬೇಕಾದದ್ದು. 2020ರ ಜನವರಿಯಲ್ಲಿ ಭಾರತ ಯುಎಇಯನ್ನು ಸಿವಿಲ್ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶ ಎಂದು ಘೋಷಿಸಿತು. ಅಲ್ಲಿನ ಕೋರ್ಟಿನ ಹಣದ ಡಿಕ್ರಿಯನ್ನು ಉಡುಪಿ ಜಿಲ್ಲಾ ನ್ಯಾಯಾಲಯದಲ್ಲಿ ಇಲ್ಲಿಯದೇ ಡಿಕ್ರಿಯಂತೆ ಜಾರಿಗೆ ತರಬಹುದು. "ಸಮುದ್ರ ದಾಟಿದರೆ ಮುಗಿಯಿತು" ಎಂಬ ಕಾಲ ಹೋಯಿತು. ಆದರೆ ನಿಮಗೆ ನೋಟೀಸೇ ಕೊಡದೆ, ಗುಣದೋಷ ನೋಡದೆ ಆದ ತೀರ್ಪಾದರೆ ಅದನ್ನು ಇಲ್ಲಿ ಪ್ರಶ್ನಿಸುವ ಹಕ್ಕೂ ಉಂಟು.

ಹಾಗಾದರೆ ಏನು ಮಾಡಬೇಕು

ಚರಿತ್ರೆ ಓದಿ ಹೊಟ್ಟೆ ತುಂಬುವುದಿಲ್ಲ, ಸರಿ. ಆದರೆ ಅದರಿಂದ ಕೆಲವು ಮಾತು ಹೆಕ್ಕಿಕೊಳ್ಳಬಹುದು.

ಕೆಲಸ ಹೋದ ತಕ್ಷಣ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. "ಕೊಡುವುದಿಲ್ಲ ಎಂದಲ್ಲ, ಈಗ ಕೊಡಲಾಗುವುದಿಲ್ಲ" ಎಂಬ ನಿಮ್ಮ ಪತ್ರವೇ ನಾಳೆ ಕೋರ್ಟಿನಲ್ಲಿ ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತು ಮಾಡಿಕೊಡಲು ಕೇಳಿ. ಒಂದೇ ಗಂಟಿನಲ್ಲಿ ಇತ್ಯರ್ಥ ಎಂದರೆ ಮೊದಲು ಪತ್ರ, ಆಮೇಲೆ ದುಡ್ಡು, ಕೊನೆಗೆ ಬಾಕಿಯಿಲ್ಲದ ಪ್ರಮಾಣಪತ್ರ. ಸಿಬಿಲ್‌ನಲ್ಲಿ 'ಇತ್ಯರ್ಥ' ಎಂಬ ಗುರುತು ಕೆಲವು ವರ್ಷ ಉಳಿಯುತ್ತದೆ, ಅದು ಗೊತ್ತಿರಲಿ. ಖಾಲಿ ಚೆಕ್ ಕೊಡಬೇಡಿ. ಕಾರ್ಡಿನ ಬಾಕಿಗೆ ಮೊಬೈಲ್ ಆಪಿನ ಸಾಲ ತೆಗೆಯಬೇಡಿ. ಭವಿಷ್ಯನಿಧಿಗೆ ಜಪ್ತಿಯಿಂದ ರಕ್ಷಣೆ ಇದೆ. ಹೆದರಿಕೆಗೆ ಅದನ್ನು ತೆಗೆದು ಬಡ್ಡಿಯ ಬಾಯಿಗೆ ಹಾಕುವ ಮೊದಲು ಮನೆಯ ಒಂದು ವರ್ಷದ ಖರ್ಚು ಲೆಕ್ಕ ಮಾಡಿ. 60ನೇ ಕಲಮಿನ ಪಟ್ಟಿ ನೆನಪಿಡಲು ಹೇಳಿದ್ದೆನಲ್ಲ, ಕೋರ್ಟೇ ಮುಟ್ಟದ ಕರಿಮಣಿಯನ್ನು ವಸೂಲಿಯವನ ಒಂದು ಫೋನಿಗೆ ನಾವೇ ಅಡವಿಡುತ್ತೇವೆ!

ಕಿರುಕುಳ ಕೊಟ್ಟರೆ ದಿನ, ಗಂಟೆ, ನಂಬರ್ ಬರೆದಿಡಿ. ಮೊದಲು ಬ್ಯಾಂಕಿಗೆ ದೂರು, 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ಅದಕ್ಕೆ ಶುಲ್ಕ ಇಲ್ಲ. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಹಾಜರಾಗದವನ ಮೇಲೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. 1938ರ ಕಾಯಿದೆಯಲ್ಲೂ ಲಾಭ ಸಿಕ್ಕಿದ್ದು ಅರ್ಜಿ ಹಿಡಿದು ಕೋರ್ಟಿಗೆ ಬಂದವರಿಗೆ, ಮನೆಯಲ್ಲಿ ಅಡಗಿದವರಿಗಲ್ಲ. ವಕೀಲರಿಗೆ ಕೊಡಲು ಇಲ್ಲವಾದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಇನ್ನು "ಅಮ್ಮನಿಗೆ ಗೊತ್ತಾದರೆ" ಎಂಬ ಎರಡನೆಯ ಪ್ರಶ್ನೆ. ಇದಕ್ಕೆ ಕಲಮು ಇಲ್ಲ ಎಂದೆ. ಆದರೆ ಈ ನೂರು ವರ್ಷದ ಕಥೆಯಲ್ಲಿ ಕಾನೂನು ಒಂದೊಂದಾಗಿ ಎಲ್ಲ ಆಯುಧವನ್ನೂ ಸಾಲ ಕೊಟ್ಟವನ ಕೈಯಿಂದ ಇಳಿಸುತ್ತಾ ಬಂದಿದೆ: ಜೈಲು, ರಾತ್ರಿಯ ದಾಳಿ, ಪಾತ್ರೆ ಪಗಡಿಯ ಜಪ್ತಿ, ತೋಳ್ಬಲ. ಉಳಿದದ್ದು ಒಂದೇ, ನಾಚಿಕೆ. ಅದು ಕೆಲಸ ಮಾಡುವುದು ಗುಟ್ಟು ಇರುವ ತನಕ ಮಾತ್ರ. ವಸೂಲಿಯವನು ಅಮ್ಮನಿಗೆ ಹೇಳುವ ಮೊದಲು ನೀವೇ ಹೇಳಿದರೆ ಅವನ ಕೈ ಖಾಲಿ. ಅಮ್ಮ ಬೈದಾರು, ಅತ್ತಾರು, ಆಮೇಲೆ ಗಂಜಿ ಬಡಿಸಿಯೇ ಬಡಿಸುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲ, ಬದುಕೇ ಬೇಡ ಅನ್ನಿಸುವ ರಾತ್ರಿ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೇಡ.

ಹಗಲು ಹೊತ್ತಿನಲ್ಲಿ ದೀಪ ಹಚ್ಚಿ ಕೂತ ಆ ಹಳೆಯ ವ್ಯಾಪಾರಿಗೆ ಎಷ್ಟು ಸಾಲ ಇತ್ತೋ ಏನೋ. ಕತ್ತಲಲ್ಲಿ ಬಾಗಿಲು ಹಾಕಿ ಕೂರಲಿಲ್ಲ ಎಂಬುದು ಮಾತ್ರ ಗೊತ್ತು.